ನಿಂತೇ ಇರುವ ನಮ್ಮ ಅತ್ತೆ

ನಮ್ಮ ಅತ್ತೆಯವರು ಕುಳಿತದ್ದನ್ನು ಕಂಡವರು ಈ ಮುಂಬಯಿಯಲ್ಲಿ ಬೇಕಾದಷ್ಟು ಜನರಿದ್ದಾರೆ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕಂಡಿದ್ದಾನೆ. ಬಾಗಿಲಿಗೆ ಬರುವ ಮೀನಿನ ಹೆಂಗಸು ಕಂಡಿದ್ದಾಳೆ. ಪಕ್ಕದ ಮನೆಯ ಬೆಕ್ಕಂತೂ ಅವರ ತೊಡೆಯ ಮೇಲೆಯೇ ಒಂದು ನಿದ್ದೆ ತೆಗೆದು ಎದ್ದು ಹೋಗಿದೆಯಂತೆ! ಕಾಣದ ಪಾಪಿ ನಾನೊಬ್ಬನೇ. ನಲವತ್ತು ವರ್ಷದಿಂದ ಅವರ ಅಳಿಯನಾಗಿದ್ದೇನೆ. ಅದರಲ್ಲಿ ಒಂಬತ್ತು ವರ್ಷದಿಂದ ಒಂದೇ ಸೂರಿನ ಕೆಳಗಿದ್ದೇವೆ. ಅವರ ಮೊಣಕಾಲಿಗೆ ಮಡಚುವ ಕೀಲು ಇದೆ ಎಂಬುದನ್ನು ನಾನು ಬೇರೆಯವರ ಬಾಯಿಂದ ಕೇಳಿ ನಂಬಬೇಕು, ಅಷ್ಟೆ.

ಅಳಿಯನ ಎದುರು ಅತ್ತೆ ಕೂರಬಾರದು ಎನ್ನುವುದು ನಮ್ಮ ವಿಜಯಪುರದ ಕಡೆಯ ಹಳೆಯ ರಿವಾಜು. ತಲೆಯ ಮೇಲೆ ಸೆರಗು, ಮೈಗೆ ಬಾಗಿಲ ಮರೆ, ಮಾತಿಗೆ ತಗ್ಗಿದ ದನಿ. ಒಪ್ಪೋಣ. ಆದರೆ ಎಂಥ ರಿವಾಜಿಗೂ ಒಂದು ದಿನ ವಯಸ್ಸಾಗಬೇಕಲ್ಲ? ಉಳಿದ ಮನೆಗಳ ಅತ್ತೆಯರು ಎರಡು ಮೊಮ್ಮಕ್ಕಳಾಗುವ ಹೊತ್ತಿಗೆ ಅಳಿಯನ ಪಕ್ಕದಲ್ಲೇ ಕುಳಿತು ಟಿವಿ ರಿಮೋಟಿಗಾಗಿ ಜಗಳವಾಡುತ್ತಾರೆ. ನಮ್ಮವರು ಮಾತ್ರ ಎಪ್ಪತ್ತಾರರ ವಯಸ್ಸಿನಲ್ಲೂ ನನ್ನ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಧ್ವಜವಂದನೆಗೆ ಎದ್ದ ಹಾಗೆ ಎದ್ದು ಬಿಡುತ್ತಾರೆ.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ನಡುವೆ ಬಾಗಿಲಿಲ್ಲ, ಬರೀ ಚೌಕಟ್ಟು. ನನ್ನ ಕುರ್ಚಿಯಲ್ಲಿ ಕುಳಿತರೆ ಗ್ಯಾಸ್ ಕಟ್ಟೆಯ ಮೇಲಿನ ಉಪ್ಪಿನ ಡಬ್ಬಿಯೂ ಕಾಣುತ್ತದೆ. ಹಾಗಿರುವಾಗ ಮರೆ ಎಲ್ಲಿಂದ ತರುವುದು? ಅತ್ತೆಯವರು ಫ್ರಿಜ್ಜನ್ನೇ ಮರೆ ಮಾಡಿಕೊಂಡರು. ಅದರ ಪಕ್ಕ ಅವರ ಖಾಯಂ ಜಾಗ. ನನ್ನ ಜೊತೆ ನೇರ ಮಾತಾಡುವುದು ನಿಷಿದ್ಧವಾದ್ದರಿಂದ ಮಾತನ್ನೆಲ್ಲ ಫ್ರಿಜ್ಜಿಗೆ ಹೇಳುತ್ತಿದ್ದರು.

"ಚಾ ಆರಾಕತ್ತೈತಿ. ಯಾರರ ಕುಡದ್ರ ಚಲೋ."

ನಾನು ಕುಡಿಯುತ್ತಿದ್ದೆ.

"ಮಳಿ ಬರೂವಂಗೈತಿ. ಹೊರಗ ಹೋಗವರು ಛತ್ರಿ ಒಯ್ದಾರೇನೋ ಇಲ್ಲೋ."

ನಾನು ಒಯ್ಯುತ್ತಿದ್ದೆ. ಫ್ರಿಜ್ಜು ನಮ್ಮಿಬ್ಬರ ನಡುವೆ ಎಷ್ಟು ವರ್ಷ ವಕೀಲಿ ಮಾಡಿತೋ! ಒಮ್ಮೆ ಅದು ಕೆಟ್ಟಾಗ ರಿಪೇರಿಯವನು ಎರಡು ದಿನ ಒಯ್ದಿದ್ದ. ಆ ಎರಡು ದಿನ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಇಂಥ ಅತ್ತೆಯವರ ಎಡಗಾಲಿಗೆ ಗಾಯವಾಯಿತು.

ಗಾಯ ಎಂದರೆ ಮೊದಲು ಸೊಳ್ಳೆ ಕಚ್ಚಿದಷ್ಟು. ಪಾದದ ಗಂಟಿನ ಒಳಮೈಗೆ, ಸ್ವಲ್ಪ ಮೇಲೆ. ತುರಿಸಿಕೊಂಡರು. ಅದು ನಾಲ್ಕಾಣೆಯಷ್ಟಾಯಿತು, ಎಂಟಾಣೆಯಷ್ಟಾಯಿತು, ಕೊನೆಗೆ ಅಂಗೈಯ ಅರ್ಧದಷ್ಟಾಗಿ ನೀರು ಸೋರತೊಡಗಿತು. ಸುತ್ತಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು. ಕಾಲು ಸಂಜೆಯ ಹೊತ್ತಿಗೆ ಬಾಳೆದಿಂಡಿನ ಹಾಗೆ ಬಾತುಕೊಳ್ಳುತ್ತಿತ್ತು. ಬಿಲ್ಡಿಂಗಿನಲ್ಲಿ ಒಬ್ಬೊಬ್ಬರೂ ಒಂದೊಂದು ಔಷಧಿ ಹೇಳಿದರು. ಒಬ್ಬರು ಅರಿಶಿನ, ಒಬ್ಬರು ಸುಣ್ಣ, ಒಬ್ಬರು ಬೇವಿನ ಬೂದಿ, ಕೆಳಗಿನ ಮನೆಯ ಕಾಲೇಜು ಹುಡುಗಿ ಟೂತ್‌ಪೇಸ್ಟ್! ಅತ್ತೆಯವರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಎಲ್ಲವನ್ನೂ ಹಚ್ಚಿಕೊಂಡರು. ಗಾಯ ಹೋಳಿ ಹುಣ್ಣಿಮೆ ಆಡಿ ಬಂದ ಹಾಗೆ ಕಾಣುತ್ತಿತ್ತು.

ಕೊನೆಗೆ ನನ್ನ ಹೆಂಡತಿ ಅವ್ವನನ್ನು ಆಸ್ಪತ್ರೆಗೆ ಎಳೆದೊಯ್ದಳು. ನಾನೂ ಹೋದೆ. ಅಲ್ಲಿಯೂ ಅದೇ ಕತೆ. ಹೊರಗೆ ಬೆಂಚಿನ ಮೇಲೆ ನಾನು ಕುಳಿತಿದ್ದೆನಾದ್ದರಿಂದ ಅವರು ಎರಡು ತಾಸು ಗೋಡೆಗೆ ಒರಗಿ ನಿಂತರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಯ ತೊಳೆದು, ಒಂದು ಸಣ್ಣ ಯಂತ್ರ ಹಚ್ಚಿ ಪಾದದಲ್ಲಿ ನಾಡಿ ಸರಿಯಾಗಿ ಬಡಿಯುತ್ತಿದೆಯೇ ಎಂದು ಆಲಿಸಿ, ನನ್ನ ಕಡೆ ತಿರುಗಿ ವಿವರಿಸಿದರು. ಕಾಲಿನ ರಕ್ತನಾಳದ ಒಳಗೆ ಪುಟ್ಟ ಪುಟ್ಟ ಕದಗಳಿರುತ್ತವಂತೆ. ಮೇಲೆ ಹತ್ತಿದ ರಕ್ತ ಹೊಳ್ಳಿ ಕೆಳಗಿಳಿಯದಂತೆ ಅವು ಮುಚ್ಚಿಕೊಳ್ಳಬೇಕಂತೆ. ಇವರ ಕದಗಳು ಸಡಿಲಾಗಿವೆ. ರಕ್ತ ಕೆಳಗೇ ನಿಂತುಬಿಡುತ್ತದೆ. ನನಗೆ ತಕ್ಷಣ ಅರ್ಥವಾಯಿತು. ಕಚೇರಿ ಬಿಡುವ ಹೊತ್ತಿಗೆ ಲೋಕಲ್ ನಿಂತುಹೋದರೆ ಪ್ಲಾಟ್‌ಫಾರ್ಮ್ ಹೇಗಿರುತ್ತದೆ? ಅತ್ತೆಯವರ ಕಾಲು ಹಾಗಿತ್ತು.

"ಆಜಿ," ಎಂದರು ಡಾಕ್ಟರು, "ಮುಲಾಮ್ ಸೇ ಕುಛ್ ನಹೀ ಹೋಗಾ. ಪಟ್ಟೀ ರೋಜ್. ಪೈರ್ ದಿಲ್ ಸೇ ಊಂಚಾ, ದಿನ್ ಮೇ ಚಾರ್ ಬಾರ್, ಆಧಾ ಆಧಾ ಘಂಟಾ. ಚಲನಾ ಹೈ. ಲೇಕಿನ್ ಖಡೇ ರಹನಾ ಏಕದಮ್ ಬಂದ್!"

ಬರೀ ಮುಲಾಮಿನಿಂದ ಆಗದು, ದಿನವೂ ಪಟ್ಟಿ ಕಟ್ಟಬೇಕು, ದಿನಕ್ಕೆ ನಾಲ್ಕು ಸಲ ಅರ್ಧರ್ಧ ತಾಸು ಕಾಲು ಎದೆಗಿಂತ ಎತ್ತರ. ನಡೆಯಬೇಕು, ಆದರೆ ನಿಲ್ಲುವುದು ಬಂದ್! ಅತ್ತೆಯವರು ನಿಂತುಕೊಂಡೇ ತಲೆಯಾಡಿಸಿದರು.

ನಾನು ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನು. ಓದಿದ್ದು ಹೈಸ್ಕೂಲು. ಆದರೆ ಕೆಲಸ ಹಂಚುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಿವೃತ್ತನಾಗಿ ಎರಡು ವರ್ಷ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಈಗ ಸಿಕ್ಕಿತಲ್ಲ ಕೆಲಸ! ಆ ಸಂಜೆಯೇ ದೊಡ್ಡ ಹಾಳೆಯ ಮೇಲೆ ವೇಳಾಪಟ್ಟಿ ಬರೆದೆ. ಏಳು ಗಂಟೆಗೆ ಪಟ್ಟಿ. ಒಂಬತ್ತಕ್ಕೆ ಕಾಲೆತ್ತುವುದು. ಹನ್ನೊಂದಕ್ಕೆ ಪಾದ ಮೇಲೆ ಕೆಳಗೆ ಆಡಿಸುವುದು. ಹನ್ನೆರಡಕ್ಕೆ ಕಾಲೆತ್ತುವುದು. ನಾಲ್ಕಕ್ಕೆ, ಏಳಕ್ಕೆ ಮತ್ತೆ ಕಾಲೆತ್ತುವುದು. ಐದಕ್ಕೆ ನಡಿಗೆ. ಪ್ರತಿಯೊಂದರ ಮುಂದೆ ಟಿಕ್ ಹಾಕಲು ಚೌಕ. ಹಾಳೆಯನ್ನು ಗೋಡೆಗೆ ಅಂಟಿಸಿ, ಅದರ ಕೆಳಗೆ ನನ್ನ ಕುರ್ಚಿ ಎಳೆದುಕೊಂಡು, ಉಸ್ತುವಾರಿಗೆ ಕುಳಿತೆ.

ಮೊದಲ ಸಮಸ್ಯೆ ದಿಕ್ಕಿನದು. ಕಾಲು ಎತ್ತಬೇಕು ನಿಜ, ಯಾರ ಕಡೆಗೆ ಎತ್ತಬೇಕು? ಮಂಚವಿದ್ದ ಹಾಗೆ ಮಲಗಿದರೆ ಮೂರು ದಿಂಬಿನ ಮೇಲಿನ ಪಾದ ನೇರವಾಗಿ ದೇವರ ಜಗಲಿಗೆ. "ಶಿವ ಶಿವ!" ಮಂಚ ತಿರುಗಿಸಿದೆವು. ಈಗ ತಲೆ ಉತ್ತರಕ್ಕೆ. ಹಾಗೆ ಮಲಗಿಸುವುದು ಹೆಣವನ್ನು. ಮತ್ತೆ ತಿರುಗಿಸಿದೆವು. ಪಾದ ಸತ್ತ ಮಾವನವರ ಫೋಟೋಕ್ಕೆ. ಫೋಟೋ ಕಿತ್ತು ಎದುರಿನ ಗೋಡೆಗೆ ಹಾಕಿದೆವು. "ಹಂಗಾದ್ರ ತಲಿ ಅವರ ಕಡೆ ಆತು, ಚಲೋ ಆತು," ಎಂದು ಫ್ರಿಜ್ಜಿಗೆ ಹೇಳಿದರು. ನಾನು ಗೆದ್ದೆ ಎಂದುಕೊಂಡು ಹಣೆಯ ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತೆ. ಆಮೇಲೆ ನೋಡಿದರೆ ಪಾದದ ಗುರಿ ಸರಿಯಾಗಿ ನನ್ನ ಕುರ್ಚಿ! ಅತ್ತೆಯವರು ಫ್ರಿಜ್ಜಿನ ಪಕ್ಕಕ್ಕೆ ಹೋಗಿ ನಿಂತರು.

"ಅತ್ತ್ಯಾರ, ಮಲಗ್ರಿ. ಒಂಬತ್ತ ಆತು," ಎಂದೆ.

"ಮಲಕೋತೀನಂತ ಹೇಳು," ಎಂದರು ಫ್ರಿಜ್ಜಿಗೆ.

ನಾನು ಸ್ನಾನಕ್ಕೆ ಹೋಗಿ ಬಂದೆ. ಒಂಬತ್ತರ ಚೌಕದಲ್ಲಿ ಹೆಂಡತಿ ಟಿಕ್ ಹಾಕಿದ್ದಳು. ಅತ್ತೆಯವರು ನಿಂತಿದ್ದರು. ಕೆಲಸ ಮುಗಿಸಿ ನಿಂತಿದ್ದಾರೆ ಎಂದು ನಾನು ತಿಳಿದೆ. ಉಳಿದ ಚೌಕಗಳೂ ನಾನು ಅತ್ತಿತ್ತ ಎದ್ದು ಹೋದಾಗ ಹೀಗೆಯೇ ತುಂಬುತ್ತಿದ್ದವು. ಗೋದಾಮಿನಲ್ಲಿ ಟಿಕ್ ಬಿದ್ದ ಮಾಲನ್ನು ಮತ್ತೆ ಬಿಚ್ಚಿ ನೋಡುವ ಪದ್ಧತಿ ಇಲ್ಲ ನೋಡಿ!

ಎರಡನೆಯದು ಊಟದ ಪ್ರಕರಣ. ಗಾಯ ಮಾಯಲು ಕಸುವು ಬೇಕು, ಬೇಳೆ, ಕಾಳು, ಸೊಪ್ಪು, ದಿನಕ್ಕೊಂದು ಮೊಟ್ಟೆ ತಿನ್ನಬೇಕು, ಆದರೆ ಮೈಭಾರ ಇಳಿಯಬೇಕು ಎಂದಿದ್ದರು ಡಾಕ್ಟರು. ಬೇಳೆಗೆ ತಕರಾರಿಲ್ಲ. ಮೊಟ್ಟೆ? ಸೋಮವಾರ ಶಿವನದು, ಬೇಡ. ಮಂಗಳವಾರ, ಶುಕ್ರವಾರ ಅಮ್ಮನವು. ಗುರುವಾರ ಗುರುವಿನದು. ಶನಿವಾರ ಹನುಮಪ್ಪನದು. ರವಿವಾರ ಗಂಡ ತೀರಿಕೊಂಡ ವಾರ. ಉಳಿದದ್ದು ಬುಧವಾರ ಒಂದೇ. ಗಾಯಕ್ಕೆ ವಾರಕ್ಕೊಂದು ದಿನ ಮಾತ್ರ ಮಾಯಲು ಪರವಾನಿಗಿ! ಹೆಂಡತಿ ಉಳಿದ ದಿನಗಳಿಗೆ ಹೆಸರುಕಾಳು, ಮೊಸರು, ಶೇಂಗಾ ಎಂದು ಒಪ್ಪಂದ ಮಾಡಿಸಿದಳು. ಡಾಕ್ಟರು ಅದಕ್ಕೂ ಅಡ್ಡಿಯಿಲ್ಲ ಎಂದರು. ಬಿಳಿ ಅನ್ನ ಹೋಗಿ ಜೋಳದ ರೊಟ್ಟಿ ಮರಳಿ ಬಂತು. ಅತ್ತೆಯವರಿಗೆ ಅದು ಪಥ್ಯವೇ ಅಲ್ಲ, ಹಬ್ಬ.

ಮೂರನೆಯದು ಮಶೇರಿ. ಡಾಕ್ಟರು, "ಆಜಿ, ತಂಬಾಕೂ?" ಎಂದು ಕೇಳಿದಾಗ ಅತ್ತೆಯವರು ಗಾಬರಿಯಿಂದ ಕಿವಿ ಮುಟ್ಟಿಕೊಂಡು, "ಛೀ ಛೀ!" ಎಂದಿದ್ದರು. ಅವರ ಲೆಕ್ಕದಲ್ಲಿ ಸುಳ್ಳಲ್ಲ. ಬೀಡಿ ಸೇದಿಲ್ಲ, ಎಲೆಯಡಿಕೆಗೆ ಹಾಕಿಲ್ಲ. ಹೊಗೆಸೊಪ್ಪನ್ನು ಹಂಚಿನ ಮೇಲೆ ಕರ್ರಗೆ ಸುಟ್ಟು, ಪುಡಿ ಮಾಡಿ, ಬೆಳಗ್ಗೆ ಸಂಜೆ ಹಲ್ಲಿಗೆ ತಿಕ್ಕುತ್ತಾರೆ, ಅಷ್ಟೆ. ಅದು ಹಲ್ಲಿನ ಪುಡಿ! ನಾನು ವಿಷಯ ಒಡೆದೆ. ಡಾಕ್ಟರು, ಅದೂ ತಂಬಾಕೇ, ಅದರಿಂದಲೂ ಗಾಯ ಮಾಯುವುದು ತಡವಾಗುತ್ತದೆ ಎಂದು ಕೈಮುಗಿದು ಹೇಳಿದರು. ಮನೆಗೆ ಬಂದು ಶೋಧ ನಡೆಸಿದೆ. ಒಂದು ಡಬ್ಬಿ ಅಕ್ಕಿಯೊಳಗೆ, ಒಂದು ದೇವರ ಜಗಲಿಯ ಹಿಂದೆ, ಒಂದು ನಿವೃತ್ತಿಯ ದಿನ ಕಂಪನಿ ನನಗೇ ಕೊಟ್ಟ ಸೂಟ್‌ಕೇಸಿನಲ್ಲಿ. ಮೂರನ್ನೂ ಎಸೆದೆ. ಅತ್ತೆಯವರು ಎರಡು ವಾರ ಫ್ರಿಜ್ಜಿನ ಜೊತೆಯೂ ಮಾತು ಬಿಟ್ಟರು. ಆದರೆ ಮಶೇರಿಯನ್ನೂ ಬಿಟ್ಟರು. ಅರವತ್ತು ವರ್ಷದ ಚಟ! ಹೇಗೆ ಬಿಟ್ಟೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಮನ್ಯಾಗ ಒಬ್ಬರು ಹುಡುಕಾಕ ಕುಂತ್ರ, ಒಬ್ಬರು ಎಷ್ಟಂತ ಮುಚ್ಚಿಡೂದವಾ?" ಎಂದರಂತೆ.

ನಡಿಗೆಯಲ್ಲಿ ಮಾತ್ರ ಅವರು ವೇಳಾಪಟ್ಟಿಯನ್ನು ಮೀರಿದರು. ಬೇಸರ ಕಳೆಯುವ ಸುತ್ತಲ್ಲ ಅದು, ತಪಾಸಣೆ! ಐದು ಗಂಟೆಗೆ ಹೊರಟರೆ ನಾಲ್ಕು ಬಿಲ್ಡಿಂಗ್ ಸುತ್ತಿ ಯಾರ ಮನೆಗೆ ಬೀಗರು ಬಂದರು, ಯಾವ ನಳ ಸೋರುತ್ತದೆ, ಯಾವ ಲಿಫ್ಟ್ ಕೆಟ್ಟಿತು ಎಲ್ಲ ತಿಳಿದು ಬರುತ್ತಿದ್ದರು. ಸೊಸೈಟಿಯ ಸೆಕ್ರೆಟರಿಗೆ ಸಂಶಯ ಬಂದರೆ ನಮ್ಮ ಮನೆಗೆ ಬಂದು ಕೇಳಿ ಹೋಗುವಷ್ಟಾಯಿತು.

ಇಷ್ಟೆಲ್ಲ ಆದರೂ ಗಾಯ ಜಪ್ಪಯ್ಯ ಎನ್ನಲಿಲ್ಲ!

ಹದಿನೈದು ದಿನಕ್ಕೊಮ್ಮೆ ಡಾಕ್ಟರು ಕಾಗದದ ಅಳತೆಪಟ್ಟಿ ಹಿಡಿದು ಗಾಯ ಅಳೆಯುತ್ತಿದ್ದರು. ಅಷ್ಟೇ ಉದ್ದ, ಅಷ್ಟೇ ಅಗಲ. ಕಾಲು ಅಷ್ಟೇ ದಪ್ಪ. ಒಂದು ದಿನ ಅವರ ಮುಖದಲ್ಲಿ ನಗು ಇರಲಿಲ್ಲ. ಕೀವು ಒಳಗೆ ಇಳಿದರೆ ಆಸ್ಪತ್ರೆಯಲ್ಲೇ ಮಲಗಿಸಿಕೊಳ್ಳಬೇಕಾದೀತು, ಈ ವಯಸ್ಸಿನಲ್ಲಿ ಮಂಚ ಹಿಡಿದವರನ್ನು ಎಬ್ಬಿಸುವುದು ಕಷ್ಟ ಎಂದರು. "ಆಜಿ ಖಡೀ ರಹತೀ ಹೈ ಕ್ಯಾ?" ನಿಂತೇ ಇರುತ್ತಾರೇನು ಎಂದು ನನ್ನನ್ನು ಕೇಳಿದರು.

"ಇಲ್ಲವೇ ಇಲ್ಲ!" ಎಂದೆ ನಾನು, ಹಾಳೆಯ ತುಂಬ ಟಿಕ್ ಇದ್ದ ಧೈರ್ಯದಲ್ಲಿ. "ನಾನೇ ಎದುರು ಕುಳಿತು ನೋಡಿಕೊಳ್ಳುತ್ತೇನೆ, ಮೇಡಂ. ಬೆಳಗ್ಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ!"

ಹೆಂಡತಿ ಕಿಟಕಿಯ ಹೊರಗೆ ನೋಡಿದಳು.

ಮನೆಗೆ ಬಂದ ಮೇಲೆ ಬಾಗಿಲುಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಪಕ್ಕದ ಮನೆಯ ಖಾಲಾ ನನ್ನನ್ನು ತಡೆದರು. ಅವರೂ ನಮ್ಮ ಕಡೆಯವರೇ. ಗಂಡನ ಕಾಲದಿಂದ ಇಲ್ಲಿದ್ದಾರೆ, ಬಾಗಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಾರೆ. ಅತ್ತೆಯವರಿಗೆ ಜೀವದ ಗೆಳತಿ. ಮೇಲೆ ಹೇಳಿದ ಬೆಕ್ಕು ಅವರದೇ.

"ಅಣ್ಣಾರ, ಬುರಾ ನಕ್ಕೊ ಮಾನೊ, ಸಿಟ್ಟಾಗಬ್ಯಾಡ್ರಿ," ಎಂದರು. "ಡಾಕ್ಟರ್ ಏನ್ ಅಂದ್ರು?"

"ಮಾಯವಲ್ದಂತ. ಯಾಕಂತ ಅವರಿಗೂ ತಿಳಿವಲ್ದು."

ಖಾಲಾ ಯಂತ್ರದ ಗಾಲಿ ಕೈಯಿಂದ ಹಿಡಿದು ನಿಲ್ಲಿಸಿದರು. "ನನಗ ತಿಳದೈತಿ. ನೀವು."

"ನಾ ಏನ್ ಮಾಡೀನ್ರಿ?"

"ಕುಂತೀರಲ್ಲ! ನೀವು ನೌಕರಿಗೆ ಹೋಗೂವಾಗ ಅಕಿ ಮುಂಜಾನಿ ಒಂದ್ ತಾಸು, ಸಂಜೀಕ ಎರಡ್ ತಾಸು ನಿಂದರತಿದ್ಲು. ರಿಟೈರ್ ಆದ್ರಿ. ಸುಬೇ ಸೇ ಶಾಮ್ ಘರ್ ಮೇಚ್ ರೈತೇ ನೀವು, ಸಂಜೀತನಾ ಮನ್ಯಾಗ! ಎರಡ ವರ್ಷಾತು, ಅಕಿ ದಿನಾಪೂರ್ತಿ ನಿಂತಾಳ. ನೀವು ಜಳಕಕ್ಕ ಹ್ವಾದ್ರ ಐದ ಮಿನಿಟ್ ಮಲಗ್ತಾಳ. ಟಿಕ್ ಅಂತ ಟಿಕ್!"

ಲೆಕ್ಕ ಹಾಕಿದೆ. ಗಾಯ ಶುರುವಾದದ್ದು ನಾನು ನಿವೃತ್ತನಾದ ಆರನೇ ತಿಂಗಳು. ರಾತ್ರಿ ನಾನು ಗ್ಯಾಲರಿಯಲ್ಲಿ ಮಲಗುತ್ತೇನಾದ್ದರಿಂದ ಆಗ ಮಾತ್ರ ಅವರ ಕಾಲಿಗೆ ಬಿಡುವು. ಹಗಲೆಲ್ಲ ನಾನು, "ಕಾಲೆತ್ತ್ರಿ, ಕಾಲೆತ್ತ್ರಿ" ಎಂದು ಕೂಗುತ್ತಾ, ಅವರು ಕಾಲೆತ್ತಲು ಸಾಧ್ಯವೇ ಇಲ್ಲದ ಹಾಗೆ ಎದುರಿಗೇ ಕುಳಿತಿದ್ದೆ. ಅಂಥ ಮೇಲ್ವಿಚಾರಕನನ್ನು ಯಾವ ಗೋದಾಮಿನಲ್ಲಾದರೂ ಕಂಡಿದ್ದೀರಾ?

ಇಲ್ಲಿಯವರೆಗೆ ನಮ್ಮ ಅತ್ತೆಯ ವಿಚಿತ್ರ ಸ್ವಭಾವ ಎಂದು ನಿಮ್ಮನ್ನು ನಂಬಿಸಿಕೊಂಡು ಬಂದೆ. ಇನ್ನು ನಿಜ ಹೇಳುತ್ತೇನೆ. ಆ ವಿಚಿತ್ರ ಅವರದಲ್ಲ, ನನ್ನದು.

ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅತ್ತೆ ಮಾವ ಇಬ್ಬರೂ ಸಾಂತಾಕ್ರೂಜ್‌ನಲ್ಲಿ ಏಳುತ್ತಿದ್ದ ಒಂದು ದೊಡ್ಡ ಹೋಟೆಲಿನ ಕಟ್ಟಡದಲ್ಲಿ ಕೂಲಿಗೆ ಹೋಗುತ್ತಿದ್ದರು. ಅತ್ತೆ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಬಿದಿರಿನ ಏಣಿ ಹತ್ತುತ್ತಿದ್ದರು. ಒಂದು ಸಂಜೆ ನಾನು ಕಂಪನಿಯ ಇಬ್ಬರು ಗೆಳೆಯರನ್ನು ಕರೆದುಕೊಂಡು, ಹೊಸ ಅಳಿಯನ ಜಂಬದಲ್ಲಿ, ಹೇಳದೆ ಕೇಳದೆ ಅವರ ಮನೆಗೆ ಹೋದೆ. ಅತ್ತೆ ಆಗಷ್ಟೇ ಬಂದು ಇದ್ದ ಒಂದೇ ಮಂಚದ ಮೇಲೆ ಗೋಡೆಗೆ ಒರಗಿ, ಬಾಗಿಲ ಕಡೆ ಎರಡೂ ಕಾಲು ಚಾಚಿ, ಕಣ್ಣು ಮುಚ್ಚಿ ಕುಳಿತಿದ್ದರು. ಸೀರೆಯ ತುಂಬ ಸಿಮೆಂಟು. ಸದ್ದಿಗೆ ಕಣ್ಣು ಬಿಟ್ಟರು. ಏಳಲು ಹೋದರು, ಕೂಡಲೇ ಏಳಲಾಗಲಿಲ್ಲ. ಅಷ್ಟರಲ್ಲಿ ಗೆಳೆಯನೊಬ್ಬ ನಕ್ಕ. "ಏನಲೇ, ನಿಮ್ಮತ್ತಿ ಅಳಿಯಗ ಅಂಗಾಲ ತೋರ್ಸಾಕತ್ತಾಳ?"

ನಾನು ಹೊಸ್ತಿಲಿಂದಲೇ ತಿರುಗಿ ಹೊರಟುಬಿಟ್ಟೆ. ಮೂರು ತಿಂಗಳು ಆ ಮನೆಗೆ ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಇದೇ ಆಂಟಾಪ್ ಹಿಲ್ ಬೆಟ್ಟದ ಆ ಮಗ್ಗುಲಿಗೆ ಅವ್ವ, ಈ ಮಗ್ಗುಲಿಗೆ ಮಗಳು. ನಡುವೆ ಹತ್ತು ನಿಮಿಷದ ದಾರಿ. ಕೊನೆಗೆ ಮಾವ ನಮ್ಮ ಗೋದಾಮಿನ ಗೇಟಿಗೆ ಬಂದು, ಹಮಾಲರೆಲ್ಲ ನೋಡುತ್ತಿರುವಾಗ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ತಪ್ಪಾಗೇತಿ, ಬರ್ರಿ" ಎಂದರು. ಹೋದೆ. ಅತ್ತೆ ನಿಂತಿದ್ದರು. ಅವತ್ತು ನಿಂತವರು ಮತ್ತೆ ಕೂರಲಿಲ್ಲ.

ನಾನು ಇದನ್ನು ನಾಚಿಕೆಯ ವಿಷಯವೆಂದು ಬಚ್ಚಿಟ್ಟಿದ್ದರೆ ಒಂದು ಮಾತು. ಬಚ್ಚಿಡಲಿಲ್ಲ! ಮೆರೆಸಿದೆ. ಮದುವೆ ಮುಂಜಿಗಳಲ್ಲಿ, ಊಟದ ಪಂಕ್ತಿಯಲ್ಲಿ, "ನಮ್ಮತ್ತಿ ಇನ್ನೂ ನನ್ನ ಮುಂದ ಕುಂತಿಲ್ಲ ನೋಡ್ರಿ, ಹಂಗದ ಮರ್ಯಾದಿ!" ಎಂದು ಹೇಳಿ ಹೇಳಿ, ಗೇಟಿನ ಹತ್ತಿರ ನಿಂತ ಮಾವನ ಮುಖವನ್ನು ನಾನೇ ಮರೆತುಬಿಟ್ಟೆ.

ಈಗ ಏನು ಮಾಡುವುದು? "ಕೂರಿ" ಎಂದರೆ ಅವರು ಕೂರುವುದಿಲ್ಲ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಗಂಡಸರ ದೊಡ್ಡ ಉಪಾಯ ಒಂದಿದೆಯಲ್ಲ, ಕ್ಷಮೆ ಕೇಳುವ ಬದಲು ಮನೆ ಬಿಟ್ಟು ಹೋಗುವುದು. ಅದನ್ನು ಮಾಡಿದೆ. ಪರಿಚಯದವರ ಗೋದಾಮಿನಲ್ಲಿ ನೌಕರಿ ಸಿಕ್ಕಿದೆ ಎಂದು ಮನೆಯಲ್ಲಿ ಹೇಳಿದೆ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಅಂಗಿ ಹಾಕಿ, ಡಬ್ಬಿ ಹಿಡಿದು ಹೊರಟೆ.

ಅರವತ್ತಾರರ ಗಂಡಸಿಗೆ ಮುಂಬಯಿಯಲ್ಲಿ ಒಂಬತ್ತರಿಂದ ಆರರವರೆಗೆ ಸುಮ್ಮನೆ ಕೂರಲು ಎಷ್ಟು ಜಾಗಗಳಿವೆ ಗೊತ್ತೇ? ನಾನು ಪಟ್ಟಿ ಕೊಡಬಲ್ಲೆ! ಸ್ಟೇಷನ್ನಿನ ಕೊನೆಯ ಬೆಂಚು ಉತ್ತಮ, ಮಧ್ಯಾಹ್ನ ಬಿಸಿಲು ಒಂದೇ ಕಡೆಯಿಂದ. ಬಗೀಚೆ ಹನ್ನೊಂದಕ್ಕೆ ಮುಚ್ಚುತ್ತದೆ. ಲೋಕಲ್‌ನಲ್ಲಿ ಕುಳಿತು ಕೊನೆಯವರೆಗೆ ಹೋಗಿ ಹೊಳ್ಳಿ ಬರಬಹುದು, ಎರಡು ಸಲ ಬಂದರೆ ಡಬ್ಬಿ ಬಿಚ್ಚುವ ಹೊತ್ತಾಗುತ್ತದೆ. ಮೂರನೇ ದಿನವೇ ಹೆಂಡತಿ ನನ್ನ ಮುಖ ನೋಡಿ ಕೇಳಿದಳು. "ಏನ್ರೀ ಇದು, ಗೋದಾಮಿನೊಳಗ ಒಂದ ಕಪಾಳಕ್ಕ ಅಷ್ಟ ಬಿಸಲ ಬೀಳತೈತೇನು?"

ನಾನು ಕಪಾಳ ಒರೆಸಿಕೊಂಡೆ. ನಾಲ್ಕನೇ ದಿನದಿಂದ ಡಬ್ಬಿಯ ಜೊತೆಗೆ ಛತ್ರಿ, ಒಂದು ಬಾಟಲಿ ಮಜ್ಜಿಗೆ, ಬೆಂಚಿನ ಮೇಲೆ ಹಾಸಲು ಒಂದು ಟವೆಲ್ ಸೇರಿದವು.

ಮನೆಯಲ್ಲಿ ಅತ್ತೆಯವರು ದಿನಕ್ಕೆ ನಾಲ್ಕು ಸಲ ನಿಜವಾಗಿ ಕಾಲೆತ್ತಿ ಮಲಗತೊಡಗಿದರು. ಖಾಲಾ ತಮ್ಮ ಯಂತ್ರವನ್ನು ನಮ್ಮ ಬಾಗಿಲಿಗೇ ಎಳೆದುಕೊಂಡು ಕಾವಲು ಕುಳಿತರಂತೆ. ಒಂದೂವರೆ ತಿಂಗಳಾದ ಮೇಲೆ ಡಾಕ್ಟರು ಅಳತೆಪಟ್ಟಿ ಹಿಡಿದರು. ಮತ್ತೊಮ್ಮೆ ಹಿಡಿದರು. ಗಾಯ ಅರ್ಧಕ್ಕೆ ಇಳಿದಿತ್ತು! ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ.

"ಅರೆ ವಾ, ಆಜಿ! ಕ್ಯಾ ಕಿಯಾ ಆಪನೆ?"

ಏನು ಮಾಡಿದಿರಿ ಎಂಬ ಈ ಪ್ರಶ್ನೆಗೆ ಅತ್ತೆಯವರು ಸೆರಗು ಸರಿಪಡಿಸಿಕೊಂಡು, ತಮ್ಮ ಹಿಂದಿಯಲ್ಲಿ, ಬಹಳ ಗಂಭೀರವಾಗಿ ಉತ್ತರಿಸಿದರು. "ಜಮಾಯಿ ಕೋ ನೌಕರಿ ಲಗ್ಯಾ."

ಅಳಿಯನಿಗೆ ನೌಕರಿ ಸಿಕ್ಕಿತಲ್ಲ ಎಂದು ಡಾಕ್ಟರು ನನ್ನ ಕೈಕುಲುಕಿ ಅಭಿನಂದಿಸಿದರು.

ಹೀಗೇ ನಡೆದಿದ್ದರೆ ನಾನು ಬೆಂಚಿನ ಮೇಲೆ ಕುಳಿತೇ ಅತ್ತೆಯ ಗಾಯ ಮಾಯಿಸಿ, ಬಾಯಿಬಿಡದೆ ಪಾರಾಗುತ್ತಿದ್ದೆ. ಆದರೆ ಗೋರೆಗಾಂವ್‌ನಲ್ಲಿರುವ ನಮ್ಮ ಮಗಳಿಗೆ ಎರಡನೇ ಹೆರಿಗೆಯಾಯಿತು. ಬಾಣಂತನಕ್ಕೆಂದು ಹೆಂಡತಿ ಒಂದು ತಿಂಗಳು ಅಲ್ಲಿಗೆ ಹೊರಟಳು. ಅಡುಗೆಗೆ ತೊಂದರೆಯಿಲ್ಲ. ಆದರೆ ಪಟ್ಟಿ? ಬೆಳಗ್ಗೆ ಗಾಯ ತೊಳೆದು, ಬೆರಳ ಬುಡದಿಂದ ಮೊಣಕಾಲ ಕೆಳಗಿನವರೆಗೆ ಆ ಹಿಗ್ಗುವ ಪಟ್ಟಿಯನ್ನು ಸುತ್ತಬೇಕು. ಅದು ಸುಮ್ಮನೆ ಸುತ್ತುವುದಲ್ಲ. ಪಾದದ ಗಂಟಿನ ಹತ್ತಿರ ಬಿಗಿ, ಮೇಲೆ ಹೋದ ಹಾಗೆ ಹಗುರ. ಹಾಗಿದ್ದರೇ ರಕ್ತ ಮೇಲೇರುವುದು. ನರ್ಸ್ ಕಲಿಸುವಾಗ ಹೆಂಡತಿ ಕಲಿತಿದ್ದಳು. ನಾನೂ ದೂರದಿಂದ ನೋಡಿದ್ದೆ. ಮೂವತ್ತೆಂಟು ವರ್ಷ ಗಂಟು ಮೂಟೆ ಕಟ್ಟಿಸಿದ ಕಣ್ಣು, ಒಂದು ಸಲ ನೋಡಿದರೆ ಸಾಕು.

ಖಾಲಾ ತಾನು ಕಟ್ಟುತ್ತೇನೆ ಎಂದರು. ಕಟ್ಟಿದರು, ಚೂಡಿದಾರದ ಪೈಜಾಮ ಹೊಲಿದಷ್ಟು ಚೆಂದ! ನೋಡಲು ಎಷ್ಟು ಚೆಂದವೋ ಮೀನಖಂಡದ ಹತ್ತಿರ ಅಷ್ಟೇ ಬಿಗಿ. ಅರ್ಧ ತಾಸಿನಲ್ಲಿ ಅತ್ತೆಯವರ ಬೆರಳುಗಳು ನೇರಳೆಹಣ್ಣಾದವು. ನಾನು ಗ್ಯಾಲರಿಯಿಂದ, "ಬಿಚ್ಚರಿ! ಲಗೂನ ಬಿಚ್ಚರಿ!" ಎಂದು ಕೂಗಿದೆ. ಖಾಲಾ ಬಿಚ್ಚಿ, ಕೈಮುಗಿದು, "ನನ್ನ ಕಡಿಂದ ಆಗೂದಿಲ್ಲಪಾ" ಎಂದು ತಮ್ಮ ಮನೆಗೆ ಹೋದರು.

ಮನೆಯಲ್ಲಿ ನಾವಿಬ್ಬರೇ. ಅತ್ತೆಯವರು ಪಟ್ಟಿಯ ಉರುಳೆ ಕೈಯಲ್ಲಿ ಹಿಡಿದು ಫ್ರಿಜ್ಜಿನ ಪಕ್ಕ ನಿಂತಿದ್ದರು. ಬರಿಗಾಲು. ಪಟ್ಟಿಯಿಲ್ಲದೆ ಒಂದು ದಿನ ನಿಂತರೆ ಒಂದೂವರೆ ತಿಂಗಳಲ್ಲಿ ಮಾಯುತ್ತ ಬಂದ ಗಾಯ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತು.

"ಅತ್ತ್ಯಾರ, ನಾ ಕಟ್ಟತೀನಿ. ಮಂಚದ ಮ್ಯಾಲ ಕುಂಡ್ರ್ರಿ," ಎಂದೆ.

"ಶಿವ ಶಿವ!" ಎಂದರು. ಈ ಸಲ ಫ್ರಿಜ್ಜಿನ ಕಡೆಯೂ ತಿರುಗಲಿಲ್ಲ, ನೇರ ನನಗೇ ಹೇಳಿದರು. "ಮದವ್ಯಾಗ ನಿಮ್ಮ ಪಾದ ತೊಳದ ಕೈರೀ ಇವು. ನೀವು ನನ್ನ ಕಾಲ ಮುಟ್ಟತೀರೇನು? ಯಾರರ ಕೇಳಿದ್ರ ಏನಂದಾರು?"

"ಯಾರರ ಅಂದದ್ದಕ್ಕ ಇಷ್ಟ ಆಗೇತ್ರಿ," ಎಂದೆ.

ನಾನು ನೆಲ ನೋಡಿಕೊಂಡು ಮುಂದುವರಿದೆ. ಎಲ್ಲಿಂದ ಬಂತೋ ಧೈರ್ಯ! "ಆವತ್ತ ನಾ ಬಾಗಲದಾಗಿಂದ ಹೊಳ್ಳಿ ಹ್ವಾದ್ನೆಲ್ಲ, ಅದು ನನ್ನ ತಪ್ಪಾತ್ರಿ. ಮಾವಾರನ್ನ ಗೇಟಿಗೆ ಬರಾಂಗ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪಾತ್ರಿ. ನಲವತ್ತ ವರ್ಷ ಅದನ್ನ ಮರ್ಯಾದಿ ಅಂತ ಹೇಳಕೋತ ತಿರಗೀನಿ. ನನ್ನ ಸಲುವಾಗಿ ನಿಂತ ನಿಂತ ನಿಮ್ಮ ಕಾಲ ಹ್ವಾತು."

ಅಡುಗೆಮನೆಯ ನಳದಿಂದ ಬಕೆಟ್ಟಿಗೆ ನೀರು ಬೀಳುತ್ತಿತ್ತು. ಅದು ತುಂಬಿ ಹರಿಯತೊಡಗಿತು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಹಗುರಾಗುತ್ತಿದ್ದೆ.

"ಆವತ್ತ," ಎಂದರು ಕೊನೆಗೆ, ಬಹಳ ಮೆಲ್ಲಗೆ, "ಕಾಲ ಭಾಳ ನೋಯಾಕತ್ತಿದ್ದವ್ರಿ."

ಅಷ್ಟೇ. ನಲವತ್ತು ವರ್ಷದಲ್ಲಿ ಅವರು ತಮ್ಮ ಪರವಾಗಿ ಹೇಳಿಕೊಂಡ ಮಾತು ಅದೊಂದೇ.

ಆಮೇಲೆ ಗೋಡೆ ಹಿಡಿದು ನಡೆದು ಬಂದು, ಮುಖದ ತುಂಬ ಸೆರಗು ಎಳೆದುಕೊಂಡು, ಮಂಚದ ಮೇಲೆ ಕುಳಿತರು. ನನ್ನ ಎದುರಿಗೆ. ನಾನು ನಳ ನಿಲ್ಲಿಸುವುದನ್ನು ಮರೆತು, ಕೈ ತೊಳೆದು ನೆಲದ ಮೇಲೆ ಕುಳಿತು ಆ ಕಾಲನ್ನು ನನ್ನ ಮೊಣಕಾಲಿನ ಮೇಲಿಟ್ಟುಕೊಂಡೆ. ಉಗುರುಬ್ಬಿ ಒಡೆದ ಬೆರಳುಗಳು. ಹಿಮ್ಮಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು. ತೊಳೆದೆ, ಒರೆಸಿದೆ, ಸುತ್ತಲಿನ ಚರ್ಮಕ್ಕೆ ಡಾಕ್ಟರು ಕೊಟ್ಟ ಮುಲಾಮು ಸವರಿದೆ. ಗಂಟಿನ ಹತ್ತಿರ ಬಿಗಿ, ಮೇಲೆ ಹಗುರ.

"ಬಿಗಿ ಆತೇನ್ರಿ?"

"ಇಲ್ರಿ. ಸರಿ ಐತಿ."

ಮೂರು ದಿಂಬು ಇಟ್ಟೆ. ಮಲಗಿದರು. ಎರಡೂ ಪಾದ ನೇರ ನನ್ನ ಮುಖಕ್ಕೆ. ಸೆರಗಿನೊಳಗಿಂದ ಒಂದೆರಡು ಸಲ ನಿಟ್ಟುಸಿರು ಕೇಳಿಸಿತು, ಆಮೇಲೆ ಸಣ್ಣ ಗೊರಕೆ. ಬೆಂಚಿಗೆ ಹೋಗುವ ಹೊತ್ತು ಮೀರಿತ್ತು. ಹರಿಯುತ್ತಿದ್ದ ನಳ ನಿಲ್ಲಿಸಲೂ ನಾನು ಏಳಲಿಲ್ಲ. ಎದ್ದರೆ ಸದ್ದಾಗುತ್ತದೆ, ಸದ್ದಾದರೆ ಎಚ್ಚರವಾಗುತ್ತದೆ, ಎಚ್ಚರವಾದರೆ ಅವರು ಎದ್ದು ನಿಂತುಬಿಡುತ್ತಾರೆ ಎಂಬ ಹೆದರಿಕೆಯಿಂದ, ಹರಿದು ಬಂದ ನೀರಿನಲ್ಲಿ ಧೋತರ ನೆನೆಸಿಕೊಂಡು, ಉಸಿರು ಬಿಗಿಹಿಡಿದು ಅಲ್ಲೇ ಕುಳಿತಿದ್ದೆ.